ಕೆಲಸ ಬಿಟ್ಟ ಮರುದಿನವೇ ಇಎಸ್‌ಐ ನಿಲ್ಲುವುದಿಲ್ಲ: ನೌಕರಿಯ ಸ್ಥಿತಿಗೂ ಚಿಕಿತ್ಸೆಗೂ ಇರುವ ಲೆಕ್ಕ

ಒಂದೇ ಕಾರ್ಖಾನೆಯ ಗೇಟು ದಾಟಿ ಒಳಹೋಗುವ ನಾಲ್ವರನ್ನು ತೆಗೆದುಕೊಳ್ಳಿ. ಕಾಯಂ ಸೂಪರ್‌ವೈಸರ್‌ಗೆ ಕಂಪನಿಯ ಗುಂಪು ವಿಮೆ ಇದೆ. ಗುತ್ತಿಗೆದಾರರ ಕಡೆಯ ಹೆಲ್ಪರ್‌ಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇದೆ. 'ಕನ್ಸಲ್ಟೆಂಟ್' ಎಂಬ ಹೆಸರಿನಲ್ಲಿ ತಿಂಗಳಿಗೆ ಇಂತಿಷ್ಟೆಂದು ಬಿಲ್ ಹಾಕುವ ಇಂಜಿನಿಯರ್‌ಗೆ ಎರಡೂ ಇಲ್ಲ. ಪಾರ್ಸೆಲ್ ತಂದುಕೊಡುವ ಹುಡುಗನಿಗೆ ಅಪಘಾತ ವಿಮೆ ಇದ್ದರೆ ಅದೇ ದೊಡ್ಡದು. ಜ್ವರ ಬಂದರೆ ಅದು ಕೆಲಸಕ್ಕೆ ಬಾರದು. ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡರೆ ನಾಲ್ವರೂ ನಾಲ್ಕು ದಾರಿ ಹಿಡಿಯಬೇಕು, ನಾಲ್ಕು ಬಗೆಯ ಕಾಗದ ಹೊಂದಿಸಬೇಕು.

ಯಾರು ಯಾವ ದಾರಿಯಲ್ಲಿ ಹೋಗಬೇಕು ಎಂಬುದು ಕೆಲಸ ಇದೆಯೋ ಇಲ್ಲವೋ ಎಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಹೆಸರು ಯಾವ ರಿಜಿಸ್ಟರಿನಲ್ಲಿದೆ, ಯಾವ ತಿಂಗಳಲ್ಲಿ ಎಷ್ಟು ದಿನದ ವಂತಿಗೆ ಬಿದ್ದಿದೆ, ಸಂಬಳ ಯಾವ ದಿನಾಂಕದಿಂದ ಏರಿತು ಎಂಬುದೂ ಅಷ್ಟೇ ಮುಖ್ಯ. ಇದರಲ್ಲಿ ಹೆಚ್ಚು ಗೊಂದಲ ಇರುವುದು ಇಎಸ್‌ಐನಲ್ಲಿ. ಜನ ತಮಗಿದ್ದ ಹಕ್ಕನ್ನು ಗೊತ್ತಿಲ್ಲದೆ ಬಿಟ್ಟುಕೊಡುವುದೂ ಅಲ್ಲೇ ಹೆಚ್ಚು.

ಯಾರು ಒಳಗೆ, ಯಾರು ಹೊರಗೆ

ಕಾರ್ಮಿಕರ ರಾಜ್ಯ ವಿಮಾ ಯೋಜನೆ 1948ರ ಕಾಯ್ದೆಯಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಶುರುವಾಯಿತು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯ ಅಡಿಗೆ ಬಂದಿದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಾರ್ಖಾನೆ, ಅಂಗಡಿ, ಹೋಟೆಲ್, ಆಸ್ಪತ್ರೆ, ಶಾಲೆ ಮುಂತಾದ ಕಡೆ ಅದು ಅನ್ವಯಿಸುತ್ತದೆ. ಈ ಹತ್ತರ ಲೆಕ್ಕದಲ್ಲಿ ಗುತ್ತಿಗೆಯವರೂ ಸೇರುತ್ತಾರೆ. ಒಮ್ಮೆ ವ್ಯಾಪ್ತಿಗೆ ಬಂದ ಸಂಸ್ಥೆ ಆಮೇಲೆ ಎಂಟು ಜನಕ್ಕೆ ಇಳಿದರೂ ಹೊರಗೆ ಹೋಗುವಂತಿಲ್ಲ.

ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ, ಅಂಗವಿಕಲರಿಗೆ 25,000. 2017ರ ಜನವರಿಯಿಂದ ನಡೆದುಬಂದ ಮಿತಿ ಇದು. ವಂತಿಗೆ 2019ರ ಜುಲೈನಿಂದ ಕಾರ್ಮಿಕರ ಕಡೆಯಿಂದ ಶೇ 0.75, ಮಾಲೀಕರ ಕಡೆಯಿಂದ ಶೇ 3.25. ಅಂದರೆ 20,000 ರೂಪಾಯಿ ಸಂಬಳಕ್ಕೆ ಸ್ಲಿಪ್ಪಿನಲ್ಲಿ 150 ರೂಪಾಯಿ ಕಡಿತವಾಗಬೇಕು, ಮಾಲೀಕರು 650 ಸೇರಿಸಬೇಕು. ಮಾಲೀಕರ ಪಾಲನ್ನೂ ನಿಮ್ಮ ಸಂಬಳದಿಂದಲೇ ಹಿಡಿಯುತ್ತಿದ್ದರೆ ಅದು ಕಾನೂನುಬಾಹಿರ. 'ಸಿಟಿಸಿಯಲ್ಲಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನಲ್ಲಿ) ಸೇರಿದೆ' ಎಂಬ ಮಾತಿನ ಹಿಂದೆ ಇದು ಸುಲಭವಾಗಿ ಅಡಗುತ್ತದೆ.

21,000ದ ಮಿತಿಯನ್ನು ನೋಡುವಾಗ ಓವರ್‌ಟೈಮ್ ಸೇರಿಸಬಾರದು. ಹಳೆಯ ಕಾಯ್ದೆಯಡಿ ವಂತಿಗೆ ಲೆಕ್ಕ ಹಾಕುವಾಗ ಮಾತ್ರ ಓವರ್‌ಟೈಮ್ ಸೇರುತ್ತಿತ್ತು. ದೀಪಾವಳಿಗೆ ಮುಂಚಿನ ತಿಂಗಳಲ್ಲಿ ಓಟಿ ಸೇರಿ 24,000 ಕೈಗೆ ಬಂತು ಎಂದು ಹೆಸರು ತೆಗೆದುಹಾಕಿದರೆ ಅದು ತಪ್ಪು.

ಗುತ್ತಿಗೆದಾರ ವಂತಿಗೆ ಕಟ್ಟದಿದ್ದರೆ ಆ ಹೊಣೆ ಪ್ರಧಾನ ಮಾಲೀಕರ ಮೇಲೆ, ಅಂದರೆ ಯಾರ ಜಾಗದಲ್ಲಿ ಕೆಲಸ ನಡೆಯುತ್ತದೋ ಅವರ ಮೇಲೆ ಬೀಳುತ್ತದೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಹೊರಗುತ್ತಿಗೆ ಡೇಟಾ ಎಂಟ್ರಿಯವರಿಗೆ ಇದು ದೊಡ್ಡ ಆಸರೆ. ಏಜೆನ್ಸಿ ಫೋನ್ ಎತ್ತದಿದ್ದರೆ ನೇರವಾಗಿ ಸಂಸ್ಥೆಯ ಎಚ್‌ಆರ್ ಬಳಿ ಕೇಳಬಹುದು. ಇನ್ನು 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತರಾದವರು ಇಎಸ್‌ಐ ವ್ಯಾಪ್ತಿಗೆ ಬರುವುದಿಲ್ಲ. ಆದರೆ ನೇಮಕಪತ್ರದಲ್ಲಿ ಸುಮ್ಮನೆ 'ಟ್ರೇನಿ' ಎಂದು ಬರೆದು, ಎಲ್ಲರಂತೆ ಪಾಳಿಯಲ್ಲಿ ದುಡಿಸಿಕೊಂಡರೆ ಅವರು ಹೊರಗುಳಿಯುವುದಿಲ್ಲ. 'ಕನ್ಸಲ್ಟೆಂಟ್'ದು ಕಷ್ಟದ ವಿಷಯ. ವೃತ್ತಿಪರ ಶುಲ್ಕವೆಂದು ಟಿಡಿಎಸ್ ಕತ್ತರಿಸಿ ಕೊಡುವವರೆಗೂ ದಾಖಲೆಯಲ್ಲಿ ಅವರು ಯಾರ ನೌಕರರೂ ಅಲ್ಲ. ಕೈಗೆ ಬರುವ ಹಣ ಸ್ವಲ್ಪ ಹೆಚ್ಚು ಕಾಣುತ್ತದೆ, ಪಿಎಫ್, ಇಎಸ್‌ಐ, ಗುಂಪು ವಿಮೆ ಮೂರೂ ಕೈತಪ್ಪುತ್ತವೆ.

ಎರಡು ಕ್ಯಾಲೆಂಡರ್

ಇಎಸ್‌ಐನಲ್ಲಿ ವಂತಿಗೆ ಕಟ್ಟುವ ಅವಧಿ ಒಂದು, ಅದರ ಫಲ ಸಿಗುವ ಅವಧಿ ಇನ್ನೊಂದು. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ ಸೌಲಭ್ಯ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಕಟ್ಟಿದ್ದಕ್ಕೆ ಜುಲೈ 1ರಿಂದ ಡಿಸೆಂಬರ್ 31ರವರೆಗೆ ಸೌಲಭ್ಯ. ಈ ಎರಡು ಸಾಲು ಗೊತ್ತಿದ್ದರೆ ಅರ್ಧ ಗೊಂದಲ ತೀರಿತು.

ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿದ್ದರೆ, ಅದಕ್ಕೆ ತಕ್ಕ ಸೌಲಭ್ಯ ಅವಧಿ ಮುಗಿಯುವವರೆಗೂ ವಿಮಾದಾರರಿಗೂ ಕುಟುಂಬಕ್ಕೂ ಚಿಕಿತ್ಸೆಯ ಹಕ್ಕು ಇರುತ್ತದೆ. ತಿಂಗಳಿಗೆ 26 ದಿನದಂತೆ ಮೂರು ತಿಂಗಳು ಎಂದರೆ 78. ಇಲ್ಲಿ ಎಣಿಸುವುದು ಸಂಬಳ ಕೊಟ್ಟ ದಿನಗಳನ್ನು. ಸಂಬಳಸಹಿತ ರಜೆಯೂ ಸೇರುತ್ತದೆ. ಸೌಲಭ್ಯ ಅವಧಿಯಲ್ಲಿ ನೀವು ಕೆಲಸದಲ್ಲಿ ಇರಲೇಬೇಕು ಎಂದು ನಿಯಮ ಹೇಳುವುದಿಲ್ಲ.

ಉದಾಹರಣೆಗೆ, ಎರಡು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿರುವ ಒಬ್ಬರು ಆಗಸ್ಟ್ 31ಕ್ಕೆ ಕೆಲಸ ಬಿಟ್ಟರು ಎಂದುಕೊಳ್ಳಿ. ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆ ಅವರನ್ನು ಡಿಸೆಂಬರ್ 31ರವರೆಗೆ ಕಾಯುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ದುಡಿದದ್ದರಲ್ಲಿ 78 ದಿನ ಯಾವಾಗಲೋ ದಾಟಿದೆ, ಹಾಗಾಗಿ ಮುಂದಿನ ಜೂನ್ 30ರವರೆಗೂ ಹಕ್ಕು ಮುಂದುವರಿಯುತ್ತದೆ. ಕೆಲಸ ಬಿಟ್ಟ ಮೇಲೂ ಹತ್ತು ತಿಂಗಳು. ಅವರೇ ಜೂನ್ 10ಕ್ಕೆ ಬಿಟ್ಟಿದ್ದರೆ ಏಪ್ರಿಲ್‌ನಿಂದ ಆದ ದಿನಗಳು 78ಕ್ಕಿಂತ ಕಡಿಮೆ, ಹಕ್ಕು ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಬೇರೆ ಕೆಲಸ ಕೈಯಲ್ಲಿಲ್ಲದೆ ರಾಜೀನಾಮೆ ಬರೆಯುವವರು, ಮನೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ, ದಿನಾಂಕ ಹಾಕುವ ಮುಂಚೆ ಈ ಲೆಕ್ಕ ಮಾಡಬೇಕು. ಎರಡು ಮೂರು ವಾರ ಆಚೀಚೆ ಆದರೆ ಆರು ತಿಂಗಳ ಚಿಕಿತ್ಸೆ ಹೋಗಬಹುದು.

ಹೊಸದಾಗಿ ಸೇರಿದವರಿಗೆ ವೈದ್ಯಕೀಯ ಸೌಲಭ್ಯ ಸೇರಿದ ದಿನದಿಂದಲೇ ಇದೆ. ಮೊದಲ ಮೂರು ತಿಂಗಳು ಹೇಗೂ ಇರುತ್ತದೆ, ಕೆಲಸ ಮುಂದುವರಿದರೆ ಮೊದಲ ಸೌಲಭ್ಯ ಅವಧಿ ಶುರುವಾಗುವವರೆಗೂ ಇರುತ್ತದೆ. ಆ ಮೊದಲ ಅವಧಿ ಶುರುವಾಗುವುದು ಸೇರಿದ ದಿನದಿಂದ ಒಂಬತ್ತು ತಿಂಗಳಾದ ಮೇಲೆ. ಅಲ್ಲಿಯವರೆಗೆ ಕಾಯಿಲೆ ರಜೆಯ ನಗದು ಪರಿಹಾರ ಇಲ್ಲ, ಔಷಧಿ, ದಾಖಲಾತಿ ಇದೆ. ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್‌ನಂತಹ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಮಾತ್ರ ಕನಿಷ್ಠ ಸೇವೆ ಮತ್ತು ವಂತಿಗೆ ದಿನಗಳ ಪ್ರತ್ಯೇಕ ಷರತ್ತು ಇದೆ. ಅದು ವಿಮಾದಾರರಿಗೆ ಸಡಿಲ, ಕುಟುಂಬದವರಿಗೆ ಇನ್ನಷ್ಟು ಬಿಗಿ. ಈ ಷರತ್ತು ಬದಲಾಗುತ್ತ ಬಂದಿದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ತಾರೀಖು ಹಾಕಿಸುವ ಮೊದಲು ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಅರ್ಹತೆ ತೋರಿಸುವ ಕಾಗದ ತೆಗೆಸಿ ನೋಡಿ.

ಕೆಲಸದ ವೇಳೆ ಆದ ಗಾಯಕ್ಕೆ ಈ ಯಾವ ಲೆಕ್ಕವೂ ಇಲ್ಲ. ಸೇರಿದ ಮೊದಲ ದಿನವೇ ಪ್ರೆಸ್ಸಿಗೆ ಬೆರಳು ಸಿಕ್ಕಿದರೂ ಚಿಕಿತ್ಸೆಯೂ ಸಿಗುತ್ತದೆ, ವಾಸಿಯಾಗುವವರೆಗೆ ಸರಾಸರಿ ವೇತನದ ಶೇ 90ರಷ್ಟು ಪರಿಹಾರವೂ ಸಿಗುತ್ತದೆ. ಅಡ್ಡಿ ಬರುವುದು ಬೇರೆ ಕಡೆಯಿಂದ: ಅಪಘಾತ ಆದಾಗ ಹೆಸರೇ ನೋಂದಣಿ ಆಗಿರುವುದಿಲ್ಲ. 'ಒಂದು ತಿಂಗಳು ನೋಡಿ ಇಎಸ್‌ಐ ಮಾಡಿಸೋಣ' ಎನ್ನುವ ಕಡೆ ಗಾಯವಾದರೆ ಮಾಲೀಕರು ಖಾಸಗಿ ನರ್ಸಿಂಗ್ ಹೋಂನಲ್ಲಿ ಹೊಲಿಗೆ ಹಾಕಿಸಿ ಕೈತೊಳೆದುಕೊಳ್ಳುತ್ತಾರೆ. ಶಾಶ್ವತ ಅಂಗವೈಕಲ್ಯದ ಮಾಸಿಕ ಪರಿಹಾರ ಕೇಳಬೇಕಾದಾಗ ಕೈಯಲ್ಲಿ ಅಪಘಾತ ವರದಿಯೂ ಇರುವುದಿಲ್ಲ. ಆ ವರದಿ ಆನ್‌ಲೈನ್‌ನಲ್ಲಿ ಸಲ್ಲಿಕೆಯಾಗಿದೆಯೇ ಎಂದು ಮೊದಲ ದಿನವೇ ಕೇಳಬೇಕು.

ಸಂಬಳ ಏರಿದಾಗ

ಇಎಸ್‌ಐಗೆ ಚಿಕಿತ್ಸಾ ವೆಚ್ಚದ ಮಿತಿ ಇಲ್ಲ. ಹೊರರೋಗಿ ತಪಾಸಣೆ, ಪ್ರತಿ ತಿಂಗಳ ಬಿಪಿ, ಶುಗರ್ ಮಾತ್ರೆ, ವಾರಕ್ಕೆ ಎರಡು ಮೂರು ಡಯಾಲಿಸಿಸ್ ಎಲ್ಲ ಅದರೊಳಗೆ ಬರುತ್ತವೆ. ಹಾಗಾಗಿ 20,500 ಇದ್ದ ಸಂಬಳ 21,500 ಆದರೆ ಸಾವಿರ ರೂಪಾಯಿ ಲಾಭ ಎಂದು ಎಲ್ಲರೂ ಹೇಳಲಾಗದು. ಗಂಡನಿಗೆ ಡಯಾಲಿಸಿಸ್ ನಡೆಯುತ್ತಿರುವ ಮನೆಗೆ ಅದು ನಷ್ಟ.

ಏರಿಕೆಯ ದಿನಾಂಕ ಇಲ್ಲಿ ನಿರ್ಣಾಯಕ. ವಂತಿಗೆ ಅವಧಿಯ ನಡುವೆ ಸಂಬಳ 21,000 ದಾಟಿದರೆ ಆ ಅವಧಿ ಮುಗಿಯುವವರೆಗೂ ಇಎಸ್‌ಐ ಮುಂದುವರಿಯಬೇಕು, ವಂತಿಗೆಯನ್ನು ಪೂರ್ಣ ಸಂಬಳದ ಮೇಲೆ ಕಟ್ಟಬೇಕು. ಮೇ 1ರಿಂದ ಏರಿದರೆ ಸೆಪ್ಟೆಂಬರ್ 30ರವರೆಗೆ ವಂತಿಗೆ, ಅದರ ಫಲ ಮುಂದಿನ ಜೂನ್ 30ರವರೆಗೆ. ಅದೇ ಏರಿಕೆ ಏಪ್ರಿಲ್ 1ರಿಂದ ಜಾರಿಯಾದರೆ ಅಂದೇ ವ್ಯಾಪ್ತಿಯಿಂದ ಹೊರಗೆ, ಹಳೆಯ ವಂತಿಗೆಯ ಬಲ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಒಂದು ತಿಂಗಳ ವ್ಯತ್ಯಾಸಕ್ಕೆ ಆರು ತಿಂಗಳ ಚಿಕಿತ್ಸೆ ನಿಂತಿದೆ. ಇನ್‌ಕ್ರಿಮೆಂಟ್ ಪತ್ರ ಕೈಗೆ ಬರುವ ಮೊದಲೇ ಎಚ್‌ಆರ್ ಜೊತೆ ಮಾತಾಡಬೇಕಾದ ವಿಷಯ ಇದು.

ಮಾಲೀಕರು ಪ್ರತಿ ತಿಂಗಳು ಪೋರ್ಟಲ್‌ನಲ್ಲಿ ಹಾಕುವ ವಂತಿಗೆ ಪಟ್ಟಿಯಲ್ಲಿ, ದಿನಗಳು ಸೊನ್ನೆ ಇದ್ದರೆ ಕಾರಣ ನಮೂದಿಸಬೇಕು. 'ವ್ಯಾಪ್ತಿ ಮೀರಿದೆ' ಎಂಬ ಕಾರಣ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳಿಗೆ ಮಾತ್ರ ಒಪ್ಪಿತ. ನಡುವಿನ ತಿಂಗಳಲ್ಲೇ ಹೆಸರು ತೆಗೆಯಬೇಕೆಂದು 'ಕೆಲಸ ಬಿಟ್ಟರು' ಎಂದು ಹಾಕಿಬಿಡುವ ಅಕೌಂಟೆಂಟ್‌ಗಳಿದ್ದಾರೆ. ಮುಂದೆ ಅರ್ಹತೆ ನೋಡುವಾಗ ಈ ಒಂದು ನಮೂದು ತೊಡಕಾಗುತ್ತದೆ.

ಹೊಸ ಸಂಹಿತೆಯಲ್ಲಿ ವೇತನದ ವ್ಯಾಖ್ಯೆಯೂ ಬದಲಾಗಿದೆ: ಭತ್ಯೆಗಳ ಮೊತ್ತ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಪಾಲನ್ನು ವೇತನಕ್ಕೆ ಸೇರಿಸಬೇಕು. ಬೇಸಿಕ್ ಸಣ್ಣದಿಟ್ಟು ಭತ್ಯೆ ಹಿಗ್ಗಿಸಿದ ಸ್ಲಿಪ್‌ಗಳ ಲೆಕ್ಕ ಇದರಿಂದ ಬದಲಾಗುತ್ತದೆ. ಹಳೆಯ ಸ್ಲಿಪ್ ನೋಡಿ ಒಳಗೆ, ಹೊರಗೆ ಎಂದು ನಿರ್ಧರಿಸಬೇಡಿ.

ಕೆಲಸವೇ ಹೋದಾಗ, ಕಾಯಿಲೆಯೇ ಕೆಲಸ ಕಳೆದಾಗ

ಕಾಯಿಲೆ ಬಿದ್ದು ರಜೆ ಹಾಕಿದರೆ, 78 ದಿನದ ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನದವರೆಗೆ ಸರಾಸರಿ ವೇತನದ ಶೇ 70 ಸಿಗುತ್ತದೆ. ಇದಕ್ಕೆ ಇಎಸ್‌ಐ ವೈದ್ಯರ ಪ್ರಮಾಣಪತ್ರ ಬೇಕು. ಮನೆ ಹತ್ತಿರದ ಕ್ಲಿನಿಕ್‌ನ ಚೀಟಿ ತಂದು ಎರಡು ವಾರದ ನಂತರ ಡಿಸ್ಪೆನ್ಸರಿಗೆ ಹೋದರೆ ಕಳೆದ ದಿನಗಳಿಗೆ ಪರಿಹಾರ ಸಿಗುವುದು ಕಷ್ಟ. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು ಸೇರಿದಂತೆ 34 ದೀರ್ಘಕಾಲೀನ ಕಾಯಿಲೆಗಳಿಗೆ, ಎರಡು ವರ್ಷ ಸೇವೆಯೂ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆಯೂ ಇದ್ದರೆ, ಶೇ 80ರ ದರದಲ್ಲಿ ಎರಡು ವರ್ಷದವರೆಗೆ ವಿಸ್ತರಣೆ ಇದೆ. ಕಾಯಿಲೆ ಪರಿಹಾರ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಈ ರಕ್ಷಣೆ ಗೊತ್ತಿಲ್ಲದೆ, 'ನೀನೇ ಬರೆದುಕೊಟ್ಟು ಹೋಗು, ವಾಸಿಯಾದ ಮೇಲೆ ಬಾ' ಎಂಬ ಮಾತಿಗೆ ಸಹಿ ಹಾಕಿದರೆ ವಜಾ ಮಾಡಿದ್ದಾರೆ ಎಂದು ವಾದಿಸಲು ಏನೂ ಉಳಿಯುವುದಿಲ್ಲ.

ಹೆರಿಗೆಗೆ ಷರತ್ತು ಬೇರೆ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನ. ಪೂರ್ತಿ ಸರಾಸರಿ ವೇತನದಲ್ಲಿ 26 ವಾರ. ಬದುಕಿರುವ ಎರಡು ಮಕ್ಕಳಿದ್ದರೆ 12 ವಾರ.

ತಾವಾಗಿ ಬಿಡದೆ ಕೆಲಸ ಕಳೆದುಕೊಂಡವರಿಗೆ ಎರಡು ಯೋಜನೆಗಳಿವೆ. 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಕಾರ್ಖಾನೆ ಮುಚ್ಚಿದಾಗ, ಕಾನೂನುಬದ್ಧವಾಗಿ ನೌಕರರ ಕಡಿತ ಆದಾಗ, ಅಥವಾ ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದಾಗ ಅನ್ವಯಿಸುತ್ತದೆ. ಎರಡು ವರ್ಷದವರೆಗೆ ಭತ್ಯೆ, ಜೊತೆಗೆ ಚಿಕಿತ್ಸೆ. 2018ರ ಜುಲೈನಲ್ಲಿ ಪ್ರಾಯೋಗಿಕವಾಗಿ ಬಂದು ಮತ್ತೆ ಮತ್ತೆ ವಿಸ್ತರಣೆಯಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇನ್ನೊಂದು: ಜೀವಮಾನದಲ್ಲಿ ಒಮ್ಮೆ, 90 ದಿನದವರೆಗೆ, ಸರಾಸರಿ ವೇತನದ ಶೇ 50. ದುರ್ನಡತೆಗೆ ವಜಾ ಆದವರಿಗೆ, ನಿವೃತ್ತರಿಗೆ ಇದು ಇಲ್ಲ. ಎರಡಕ್ಕೂ ಕೆಲಸ ಹೋದದ್ದಕ್ಕೆ ದಾಖಲೆಯಲ್ಲಿ ಇರುವ ಕಾರಣವೇ ಜೀವಾಳ. ಪೋರ್ಟಲ್‌ನಲ್ಲಿ ಏನು ನಮೂದಾಗಿದೆ ಎಂದು ಲೆಕ್ಕ ಚುಕ್ತಾ ಆಗುವ ಮೊದಲೇ ನೋಡಬೇಕು. ಹಣ ಕೈಗೆ ಬಂದ ಮೇಲೆ ಎಚ್‌ಆರ್‌ನಲ್ಲಿ ಯಾರೂ ತಿದ್ದಲು ಆಸಕ್ತಿ ತೋರುವುದಿಲ್ಲ.

ಕೌಂಟರಿನಲ್ಲಿ ಕೆಡುವ ಕೆಲಸಗಳು

ಹಕ್ಕಿದ್ದೂ ಚಿಕಿತ್ಸೆ ತಪ್ಪುವುದಕ್ಕೆ ಒಂದು ದೊಡ್ಡ ಕಾರಣ ಎರಡೆರಡು ಐಪಿ ನಂಬರ್. ಹತ್ತು ಅಂಕಿಯ ಈ ವಿಮಾ ಸಂಖ್ಯೆ ಜೀವನಪೂರ್ತಿ ಒಂದೇ ಇರಬೇಕು. ಕೆಲಸ ಬದಲಿಸಿದಾಗ ಹಳೆಯ ನಂಬರ್ ಹೇಳದಿದ್ದರೆ ಹೊಸ ಮಾಲೀಕರು ಹೊಸದನ್ನು ಸೃಷ್ಟಿಸುತ್ತಾರೆ. ಆಗ ಏಪ್ರಿಲ್‌ನಿಂದ ಜೂನ್‌ವರೆಗಿನ 60 ದಿನ ಒಂದು ನಂಬರಿನಲ್ಲಿ, ಆಮೇಲಿನ 50 ದಿನ ಇನ್ನೊಂದರಲ್ಲಿ. ಒಟ್ಟು 110 ಆದರೂ ಎರಡರಲ್ಲೂ 78 ತುಂಬುವುದಿಲ್ಲ, ಕಂಪ್ಯೂಟರ್ 'ಅರ್ಹರಲ್ಲ' ಎನ್ನುತ್ತದೆ. ಇಎಸ್‌ಐ ಶಾಖಾ ಕಚೇರಿಗೆ ಎರಡೂ ನಂಬರ್, ಆಧಾರ್, ಎರಡೂ ಕಡೆಯ ಸಂಬಳದ ಚೀಟಿ ಕೊಟ್ಟು ಒಂದಾಗಿಸಲು ಅರ್ಜಿ ಹಾಕಬೇಕು. ಕಾಯಿಲೆ ಬರುವ ಮೊದಲೇ ಮಾಡಿಸಿಕೊಳ್ಳುವ ಕೆಲಸ ಇದು.

ಇನ್ನೊಂದು, ಹಣ ಹಿಡಿದು ಕಟ್ಟದೇ ಇರುವುದು. ವಂತಿಗೆ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಇಎಸ್‌ಐ ಪೋರ್ಟಲ್‌ನಲ್ಲಿ ಅಥವಾ ಉಮಂಗ್ ಆ್ಯಪ್‌ನಲ್ಲಿ ಐಪಿ ನಂಬರ್ ಹಾಕಿ ತಿಂಗಳುವಾರು ದಿನ, ವೇತನ, ವಂತಿಗೆ ನೋಡಬಹುದು. ಸಂಬಳದ ಚೀಟಿಯಲ್ಲಿ ಕಡಿತ ಇದ್ದು ಅಲ್ಲಿ ಸೊನ್ನೆ ಇದ್ದರೆ ಚೀಟಿಗಳ ಪ್ರತಿಯೊಂದಿಗೆ ಶಾಖಾ ಕಚೇರಿಗೆ ದೂರು ಕೊಡಿ. ಮಾಲೀಕರ ಲೋಪದಿಂದ ಸೌಲಭ್ಯ ತಪ್ಪಿದರೆ ಇಎಸ್‌ಐ ನಿಗಮವೇ ಅದನ್ನು ಕೊಟ್ಟು ಮಾಲೀಕರಿಂದ ವಸೂಲಿ ಮಾಡಲು ಅವಕಾಶ ಇದೆ.

ಕುಟುಂಬದ ಹೆಸರುಗಳದ್ದು ಬೇರೆ ಕಥೆ. ಮದುವೆಗೆ ಮೊದಲು ಸೇರಿದವರ ಪಟ್ಟಿಯಲ್ಲಿ ಹೆಂಡತಿ, ಮಗು ಇರುವುದಿಲ್ಲ. ತಂದೆತಾಯಿಯನ್ನು ಸೇರಿಸಬಹುದು, ಅವರ ಎಲ್ಲ ಮೂಲದ ಆದಾಯ ತಿಂಗಳಿಗೆ 9,000 ರೂಪಾಯಿ ಮೀರಬಾರದು. ಕೆಲಸ ಪೀಣ್ಯದಲ್ಲಿ, ಕುಟುಂಬ ಹಾಸನದಲ್ಲಿ ಇದ್ದರೆ ಅವರಿಗೆ ಊರಿನ ಹತ್ತಿರದ ಡಿಸ್ಪೆನ್ಸರಿಯನ್ನೇ ಆರಿಸಬಹುದು. ಆರಿಸದೆ ಬಿಟ್ಟರೆ ಅವರೂ ಪೀಣ್ಯಕ್ಕೇ ಬರಬೇಕಾಗುತ್ತದೆ.

ಯೋಜಿತ ಚಿಕಿತ್ಸೆಗೆ ಡಿಸ್ಪೆನ್ಸರಿ, ಅಲ್ಲಿಂದ ಇಎಸ್‌ಐ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಒಪ್ಪಂದದ ಖಾಸಗಿ ಆಸ್ಪತ್ರೆ, ಹೀಗೆ ರೆಫರಲ್ ಪತ್ರದ ದಾರಿಯಲ್ಲೇ ಹೋಗಬೇಕು. ನೇರ ಖಾಸಗಿಗೆ ಹೋಗಿ ಆಮೇಲೆ ಬಿಲ್ ಹಿಡಿದು ಬಂದರೆ ತುರ್ತು ಪರಿಸ್ಥಿತಿ ಇತ್ತೆಂದು ಸಾಬೀತು ಮಾಡಬೇಕು. ಮಾಡಿದರೂ ಮರುಪಾವತಿ ಸರ್ಕಾರಿ ದರಪಟ್ಟಿಯ ಮಟ್ಟಿಗೆ, ಪೂರ್ತಿ ಬಿಲ್ಲಿಗಲ್ಲ.

ಗುಂಪು ವಿಮೆ ಮತ್ತು ಅದರಾಚೆ

ಕಂಪನಿಯ ಗುಂಪು ವಿಮೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಕಾರ್ಡ್ ತೋರಿಸಿದರೆ ಖಾಸಗಿ ಆಸ್ಪತ್ರೆ ಸೇರಿಸಿಕೊಳ್ಳುತ್ತದೆ, ಮೊದಲಿನಿಂದ ಇದ್ದ ಕಾಯಿಲೆಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಆದರೆ ಕೊನೆಯ ಕೆಲಸದ ದಿನ ಮುಗಿದರೆ ವಿಮೆಯೂ ಮುಗಿಯಿತು, ಪಾಲಿಸಿಯಲ್ಲಿದ್ದ ತಂದೆತಾಯಿಯದೂ. ಹೊಸದಾಗಿ ಸ್ವಂತ ಪಾಲಿಸಿ ಕೊಂಡರೆ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ರಕ್ಷಣೆ ಇಲ್ಲ, ಹಳೆಯ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದು. ನೋಟಿಸ್ ಅವಧಿಯಲ್ಲೇ ಅದೇ ವಿಮಾ ಕಂಪನಿಗೆ ಬರೆದು ಗುಂಪಿನಿಂದ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಿದರೆ, ಗುಂಪಿನಲ್ಲಿ ಕಳೆದ ಕಾಲ ಈ ಕಾಯುವ ಅವಧಿಯಲ್ಲಿ ವಜಾ ಆಗುತ್ತದೆ. ಕೆಲಸ ಬಿಟ್ಟು ತಿಂಗಳುಗಳಾದ ಮೇಲೆ ಕೇಳಿದರೆ ಅದು ಹೊಸ ಪಾಲಿಸಿಯೇ. ವೈಯಕ್ತಿಕ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ ಎಂಬುದು ಸಣ್ಣ ಸಮಾಧಾನ.

ಎರಡೂ ಇಲ್ಲದವರಿಗೆ ಕರ್ನಾಟಕದಲ್ಲಿ ಆಧಾರ ರೇಷನ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿಂದ ರೆಫರಲ್. ತುರ್ತಿದ್ದರೆ ಮಾತ್ರ ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ. ಪ್ರತಿ ತಿಂಗಳ ಮಾತ್ರೆ ಇದರಲ್ಲಿ ಬರುವುದಿಲ್ಲ, ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಗತಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಕಟ್ಟಡ ಕಾರ್ಮಿಕರಿಗೆ ಅವರ ಕಲ್ಯಾಣ ಮಂಡಳಿಯ ವೈದ್ಯಕೀಯ ಸಹಾಯ ಇದೆ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಬೇಕು. ಆ್ಯಪ್ ಮೂಲಕ ದುಡಿಯುವವರಿಗೆ ರಾಜ್ಯ 2025ರಲ್ಲಿ ಕಾಯ್ದೆ ಮಾಡಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ದಾರಿ ಮಾಡಿದೆ.

ನಿವೃತ್ತಿಯ ಹೊತ್ತಿಗೆ ಮತ್ತೆ ಇಎಸ್‌ಐ ಲೆಕ್ಕಕ್ಕೆ ಬರುತ್ತದೆ. ಕನಿಷ್ಠ ಐದು ವರ್ಷ ವಿಮೆಯಡಿ ದುಡಿದು ವಯೋನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ಗಂಡ ಅಥವಾ ಹೆಂಡತಿಗೂ ಚಿಕಿತ್ಸೆ ಪಡೆಯುತ್ತ ಹೋಗಬಹುದು. ಇದು ತಾನಾಗಿ ಆಗುವುದಿಲ್ಲ; ನಿವೃತ್ತಿಯ ದಿನಾಂಕ ಮತ್ತು ಸೇವಾವಧಿಗೆ ಮಾಲೀಕರ ದೃಢೀಕರಣ ತೆಗೆದುಕೊಂಡು ಶಾಖಾ ಕಚೇರಿಯಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. ಕಂಪನಿ ಮುಚ್ಚಿ ದೃಢೀಕರಿಸುವವರೇ ಇಲ್ಲದಿದ್ದರೆ ಹಳೆಯ ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಪೋರ್ಟಲ್‌ನ ವಂತಿಗೆ ವಿವರದ ಪ್ರಿಂಟ್ ಜೋಡಿಸಿಟ್ಟುಕೊಳ್ಳಿ.